ಹೆಡ್‌ಫೋನ್‌ನಲ್ಲೇ ಹಾಡಿನ ಮಿಕ್ಸಿಂಗ್: ಮನೆಯಲ್ಲಿ ಧ್ವನಿಮುದ್ರಿಸುವ ಸದಸ್ಯರಿಗೆ

ಕಾಸರಗೋಡಿನಲ್ಲಿ ಯಕ್ಷಗಾನದ ಪದ, ತಾಳವಾಡಿಯಲ್ಲಿ ಮಾದಪ್ಪನ ಹಾಡು, ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಭಜನೆ ಮತ್ತು ತತ್ವಪದ. ಹೀಗೆ ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ಊರಿನ ಹಿರಿಯರ ಹಾಡುಗಳನ್ನು ಮನೆಯಲ್ಲೇ ಧ್ವನಿಮುದ್ರಿಸುತ್ತಿದ್ದಾರೆ. ಒಂದು ಲ್ಯಾಪ್‌ಟಾಪ್, ಒಂದೆರಡು ಮೈಕು, ಒಂದು ಆಡಿಯೊ ಇಂಟರ್‌ಫೇಸ್, ಒಂದು ಹೆಡ್‌ಫೋನ್, ಇಷ್ಟೇ ಸಾಮಾನು. ಸ್ಟುಡಿಯೊದಲ್ಲಿ ಇರುವಂಥ ಮಾನಿಟರ್ ಸ್ಪೀಕರ್ ಜೋಡಿ ಯಾರ ಬಳಿಯೂ ಇಲ್ಲ ಎಂದೇ ಹೇಳಬಹುದು. ಇದ್ದರೂ ಬಾಡಿಗೆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಅದನ್ನು ಹಚ್ಚುವಂತಿಲ್ಲ. ಆದ್ದರಿಂದ ಹೆಡ್‌ಫೋನ್‌ನಲ್ಲೇ ಮಿಕ್ಸಿಂಗ್ ಮಾಡುವಾಗ ಏನು ಸರಿ ಕೇಳುತ್ತದೆ, ಏನು ಮೋಸ ಮಾಡುತ್ತದೆ ಎಂಬುದನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇವೆ.

ಇದನ್ನು ಬರೆಯುವುದಕ್ಕೆ ಕಾರಣ ನಾವೇ ಮಾಡಿಕೊಂಡ ಒಂದು ಎಡವಟ್ಟು. ಅಕ್ಕಲಕೋಟ ಕಡೆಯ, ಎಪ್ಪತ್ತು ದಾಟಿದ ತಾಯಿಯೊಬ್ಬರ ತತ್ವಪದವನ್ನು ಪೇಟಿ, ತಾಳ, ಏಕತಾರಿಯೊಂದಿಗೆ ಮುದ್ರಿಸಿ, ವಿಡಿಯೊ ಮಾಡಿ, ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಹಾಕಿದೆವು. ಪರದೆಯ ಮೇಲೆ ತಾಯಿ ಹಾಡುತ್ತಿದ್ದಾರೆ, ಪೇಟಿ ಕೇಳುತ್ತಿದೆ, ತಾಳ ಕೇಳುತ್ತಿದೆ, ಅವರ ದನಿ ಮಾತ್ರ ಬಾವಿಯ ತಳದಿಂದ ಬಂದ ಹಾಗೆ ಎಲ್ಲೋ ಒಂದಿಷ್ಟು. ಅವರೂ ಅವರ ಮಕ್ಕಳೂ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾವು ಓಡಿಹೋಗಿ ಮೈಕ್‌ಸೆಟ್‌ನವರ ಮೇಲೆ ರೇಗಿದೆವು. ಅವರು ‘ಸರ್, ನಿಮ್ಮ ಫೈಲೇ ಹಾಗಿದೆ’ ಎಂದರು. ಅವರು ಹೇಳಿದ್ದೇ ನಿಜವಾಗಿತ್ತು.

ಆದದ್ದು ಇಷ್ಟು. ಹೆಡ್‌ಫೋನ್‌ನಲ್ಲಿ ಆ ದನಿ ತಲೆಯ ನಟ್ಟನಡುವೆ ಇಕ್ಕಟ್ಟಾಗಿ ಕೂತ ಹಾಗೆ ಅನಿಸಿತ್ತು. ಅದನ್ನು ಅಗಲ ಮಾಡಲು ನಮ್ಮಲ್ಲೊಬ್ಬರು ಅಂತರ್ಜಾಲದಲ್ಲಿ ನೋಡಿದ ಉಪಾಯ ಮಾಡಿದರು. ದನಿಯ ಟ್ರ್ಯಾಕಿನ ಪ್ರತಿಯೊಂದನ್ನು ತೆಗೆದು, ಅದರ ಅಲೆಯನ್ನು ತಲೆಕೆಳಗು ಮಾಡಿ, ಮೂಲವನ್ನು ಎಡಕ್ಕೂ ಪ್ರತಿಯನ್ನು ಬಲಕ್ಕೂ ಇಟ್ಟರು. ಹೆಡ್‌ಫೋನ್‌ನಲ್ಲಿ ದನಿ ತಲೆಯ ಸುತ್ತ ಹರಡಿಕೊಂಡು ಬಹಳ ಚೆನ್ನಾಗಿದೆ ಅನಿಸಿತು. ಸಭಾಂಗಣದ ಮೈಕ್‌ಸೆಟ್ ಮಾತ್ರ ಎಡಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ ಎಲ್ಲ ಪೆಟ್ಟಿಗೆಗಳಿಗೂ ಕಳಿಸುತ್ತದೆ. ಒಂದು ಅಲೆ, ಅದರದೇ ತಲೆಕೆಳಗಾದ ಅಲೆ, ಕೂಡಿದರೆ ಸೊನ್ನೆ. ಪೇಟಿಯ ಮೈಕಿಗೆ ಆಕಸ್ಮಿಕವಾಗಿ ಬಿದ್ದಿದ್ದ ಅಷ್ಟಿಷ್ಟು ದನಿ ಮಾತ್ರ ಉಳಿದುಕೊಂಡಿತ್ತು.

ಹೆಡ್‌ಫೋನ್ ಏಕೆ ಇದನ್ನು ತೋರಿಸಲಿಲ್ಲ?

ಸ್ಪೀಕರ್ ಎದುರು ಕೂತಾಗ ಎಡ ಸ್ಪೀಕರಿನ ಸದ್ದು ಎಡಗಿವಿಗೆ ಮಾತ್ರವಲ್ಲ, ತಲೆಯನ್ನು ಬಳಸಿಕೊಂಡು ಬಲಗಿವಿಗೂ ಬರುತ್ತದೆ. ಒಂದು ಬದಿಯ ಸದ್ದು ಇನ್ನೊಂದು ಕಿವಿಗೆ ತಲುಪಲು ಹೆಚ್ಚೆಂದರೆ ಸುಮಾರು 0.6ರಿಂದ 0.7 ಮಿಲಿಸೆಕೆಂಡ್ ತಡ. ತಲೆಯ ಮರೆಯಿಂದಾಗಿ ಅದರ ಚೂಪು ಸ್ವಲ್ಪ ಕಡಿಮೆಯಾಗಿರುತ್ತದೆ. ಎಡಬಲದ ಸದ್ದುಗಳು ಗಾಳಿಯಲ್ಲೇ ಕೂಡಿಕೊಳ್ಳುವುದರಿಂದ ಏನಾದರೂ ಪರಸ್ಪರ ಅಳಿಸಿಹೋಗುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹೆಡ್‌ಫೋನ್‌ನಲ್ಲಿ ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ. ಎರಡೂ ಎಲ್ಲೂ ಭೇಟಿಯಾಗುವುದಿಲ್ಲ. ಬೇರೆ ಕೊರತೆಗಳಿಗೆ ಅಭ್ಯಾಸದಿಂದ ಕಿವಿ ಒಗ್ಗಿಕೊಳ್ಳುತ್ತದೆ, ಇದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಕೇಳದೇ ಇದ್ದದ್ದಕ್ಕೆ ಕಿವಿ ಒಗ್ಗುವುದು ಹೇಗೆ?

ಅಲೆ ತಲೆಕೆಳಗು ಮಾಡುವ ಉಪಾಯ ಮಾಡದಿದ್ದರೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಒಬ್ಬ ಗಾಯಕರಿಗೆ ಎರಡು ಮೈಕ್ ಇಟ್ಟಿದ್ದೀರಿ ಎನ್ನಿ. ಒಂದಕ್ಕಿಂತ ಇನ್ನೊಂದು ಬಾಯಿಯಿಂದ 34 ಸೆಂಟಿಮೀಟರ್ ಹೆಚ್ಚು ದೂರ. ಸದ್ದು ಆ ದೂರ ಸಾಗಲು ಒಂದು ಮಿಲಿಸೆಕೆಂಡ್ ಬೇಕು. ಎರಡನ್ನೂ ಒಂದೇ ಮಟ್ಟದಲ್ಲಿ ಕೂಡಿಸಿದಾಗ 500 ಹರ್ಟ್ಸ್, 1500 ಹರ್ಟ್ಸ್, 2500 ಹರ್ಟ್ಸ್ ಹೀಗೆ ಬಾಚಣಿಗೆ ಹಲ್ಲಿನ ಹಾಗೆ ಅಲ್ಲಲ್ಲಿ ದನಿ ಕತ್ತರಿಸಿಹೋಗುತ್ತದೆ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟು ಹೆಡ್‌ಫೋನ್‌ನಲ್ಲಿ ಕೇಳಿದರೆ ಅದು ಬರೀ ‘ಅಗಲ’ವಾಗಿ ಕೇಳುತ್ತದೆ. ಸಭಾಂಗಣದಲ್ಲಿ ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳುತ್ತದೆ. ಒಬ್ಬರೇ ಹಾಡುವಾಗ ಒಂದೇ ಮೈಕ್ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಹಾಡುವವರಿಗೆ ಒಂದು, ಪೇಟಿಗೆ ಒಂದು ಇಡುವುದಾದರೆ, ಪೇಟಿಯ ಮೈಕು ಗಾಯಕರ ಮೈಕಿನಿಂದ ಇರಬೇಕಾದ ದೂರ, ಗಾಯಕರ ಬಾಯಿಯಿಂದ ಅವರ ಮೈಕಿಗೆ ಇರುವ ದೂರದ ಕನಿಷ್ಠ ಮೂರು ಪಟ್ಟು.

ಪರೀಕ್ಷೆ ಒಂದೇ: ಮೋನೊ ಮಾಡಿ ಕೇಳುವುದು. ರೀಪರ್ ತಂತ್ರಾಂಶದಲ್ಲಿ ಮಾಸ್ಟರ್ ಟ್ರ್ಯಾಕಿನ ಮೇಲೆ ಮೋನೊ ಗುಂಡಿ ಇದೆ. ಆಡಾಸಿಟಿಯಲ್ಲಿ ಟ್ರ್ಯಾಕ್ಸ್ ಪಟ್ಟಿಯಲ್ಲಿ ಸ್ಟೀರಿಯೊವನ್ನು ಮೋನೊ ಮಾಡುವ ಆಯ್ಕೆ ಇದೆ, ಅದನ್ನು ಪ್ರತಿಯ ಮೇಲೆ ಮಾಡಿ. ಮೋನೊ ಒತ್ತಿದಾಗ ಬದಿಗೆ ಎಳೆದಿಟ್ಟ ವಾದ್ಯ ಸ್ವಲ್ಪ ಕುಗ್ಗುವುದು, ನಡುವಿನ ದನಿ ಸ್ವಲ್ಪ ಮುಂದೆ ಬರುವುದು ಸಹಜ. ದನಿ ಹಿಂದೆ ಸರಿದರೆ, ಟೊಳ್ಳಾದರೆ ಅಲ್ಲಿ ತಪ್ಪಿದೆ. ನಾವೀಗ ಮಿಕ್ಸಿಂಗಿನ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮೋನೊದಲ್ಲೇ ಮುಗಿಸಿ, ಎಡಬಲದ ಹಂಚಿಕೆಯನ್ನು ಕೊನೆಗೆ ಮಾಡುತ್ತೇವೆ. ನಮ್ಮ ಹಾಡು ಕೊನೆಗೆ ಕೇಳುವುದು ಸಭಾಂಗಣದಲ್ಲಿ, ದೇವಸ್ಥಾನದ ಹಾರ್ನ್‌ನಲ್ಲಿ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಅಲ್ಲವೇ?

ಇದೇ ಲಕ್ಷಣ ತೋರಿಸುವ ಇನ್ನೊಂದು ಕಾರಣವೂ ಉಂಟು, ಗೊಂದಲ ಬೇಡ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮೂರು ಪಟ್ಟಿಯ ಸ್ಟೀರಿಯೊ ವೈರನ್ನು ನೇರವಾಗಿ ಮಿಕ್ಸರಿನ ಬ್ಯಾಲೆನ್ಸ್ಡ್ ಮೋನೊ ಇನ್‌ಪುಟ್ಟಿಗೆ ಚುಚ್ಚಿದರೆ, ಆ ಇನ್‌ಪುಟ್ ಎಡಬಲವನ್ನು ಕೂಡಿಸುವ ಬದಲು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಆಗ ಸರಿಯಾಗಿರುವ ಫೈಲಿನಲ್ಲೂ ನಡುವಿನ ದನಿ ಮಾಯವಾಗುತ್ತದೆ. ಬೇಕಾದದ್ದು ಒಂದು ತುದಿಯಲ್ಲಿ ಸ್ಟೀರಿಯೊ, ಇನ್ನೊಂದು ತುದಿಯಲ್ಲಿ ಎರಡು ಬೇರೆ ಬೇರೆ ಮೋನೊ ಪಿನ್ ಇರುವ ವೈರ್. ಹೀಗಾಗಿ ಫೈಲನ್ನು ಮನೆಯಲ್ಲೇ ಮೋನೊ ಮಾಡಿ ನೋಡಿದ್ದರೆ, ತಪ್ಪು ಫೈಲಿನದೋ ವೈರಿನದೋ ಎಂದು ಜಗಳವಿಲ್ಲದೆ ತೀರ್ಮಾನವಾಗುತ್ತದೆ.

ಹಾಗೆಂದು ಹೆಡ್‌ಫೋನ್ ಬೇಡವೆ?

ಬೇಕು. ಹತ್ತಡಿ ಅಗಲದ ಕೋಣೆಯಲ್ಲಿ ಎದುರುಬದುರಿನ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಸದ್ದು ನಿಂತುಬಿಡುತ್ತದೆ. ಗೋಡೆಗೆ ಹತ್ತಿರ ಕೂತರೆ ಅದು ಗುಮ್ಮೆನ್ನುತ್ತದೆ, ನಟ್ಟನಡುವೆ ಕೂತರೆ ಕೇಳುವುದೇ ಇಲ್ಲ. ಅಂಥ ಕೋಣೆಯಲ್ಲಿ ದುಬಾರಿ ಮಾನಿಟರ್ ಇಟ್ಟರೂ ಅದು ಹೇಳುವುದು ಕೋಣೆಯ ಕಥೆಯನ್ನೇ. ಹೆಡ್‌ಫೋನಿಗೆ ಕೋಣೆಯ ಹಂಗಿಲ್ಲ. ಬಾಯಿಯ ಚಟಪಟ, ಉಸಿರು, ಫ್ಯಾನಿನ ಗುಯ್ ಸದ್ದು, ಎರಡು ತುಣುಕು ಜೋಡಿಸಿದಲ್ಲಿನ ಕಟಕ್ ಸದ್ದು, ಇವನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆಡೆಲ್, ರೆಡ್ ಹಾಟ್ ಚಿಲಿ ಪೆಪರ್ಸ್ ಮುಂತಾದವರ ಹಾಡುಗಳಿಗೆ ಕೆಲಸ ಮಾಡಿದ ಆಂಡ್ರ್ಯೂ ಶೆಪ್ಸ್ ತಾವು ಹೆಡ್‌ಫೋನ್‌ನಲ್ಲೇ ಮಿಕ್ಸಿಂಗ್ ಮಾಡುವುದಾಗಿ ಬಹಿರಂಗವಾಗಿ ಹೇಳಿದ್ದಾರೆ. ಅವರಿಗೆ ಅದಕ್ಕೂ ಮೊದಲು ದಶಕಗಳ ಸ್ಪೀಕರ್ ಅನುಭವ ಇತ್ತು ಎಂಬುದನ್ನು ಮರೆಯಬಾರದು.

ಕೊಳ್ಳುವಾಗ ನೋಡಬೇಕಾದ್ದು ಎರಡು. ಕಿವಿಯನ್ನು ಪೂರ್ತಿ ಮುಚ್ಚುವ ಕ್ಲೋಸ್ಡ್ ಬಗೆ ಹಾಡುವವರಿಗೆ, ಏಕೆಂದರೆ ಒಳಗಿನ ತಾಳ ಹೊರಗೆ ಸೋರಿ ಮೈಕಿಗೆ ಬೀಳುವುದಿಲ್ಲ. ಸೋನಿಯ ಎಂಡಿಆರ್-7506 ಇಂಥದ್ದು, 1991ರಿಂದ ಬಳಕೆಯಲ್ಲಿದೆ. ಹಿಂಬದಿ ತೆರೆದಿರುವ ಓಪನ್ ಬಗೆ ಮಿಕ್ಸಿಂಗಿಗೆ ಹಿತ. ಸದ್ದು ತಲೆಯೊಳಗೆ ಕಟ್ಟಿಕೊಳ್ಳುವುದಿಲ್ಲ, ಕಿವಿಗೆ ಬೇಗ ದಣಿವಾಗುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 600 ಅದಕ್ಕೆ ಹಳೆಯ ಉದಾಹರಣೆ. ಆದರೆ ಅದು 300 ಓಮ್‌ನದ್ದು, ಮೊಬೈಲಿಗೆ ಚುಚ್ಚಿದರೆ ಕ್ಷೀಣವಾಗಿ ಕೇಳುತ್ತದೆ, ಇಂಟರ್‌ಫೇಸ್ ಅಥವಾ ಹೆಡ್‌ಫೋನ್ ಆಂಪ್ ಬೇಕು. ಒಂದೇ ಕೊಳ್ಳುವ ಶಕ್ತಿ ಇದ್ದರೆ ಕ್ಲೋಸ್ಡ್ ಕೊಳ್ಳಿ, ಎರಡೂ ಕೆಲಸಕ್ಕೆ ಆಗುತ್ತದೆ. ಬ್ಲೂಟೂತ್ ಈ ಕೆಲಸಕ್ಕೆ ಬೇಡವೇ ಬೇಡ, ಸದ್ದು ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ.

ಯಾವ ಹೆಡ್‌ಫೋನೂ ತಕ್ಕಡಿಯಷ್ಟು ಸಮ ಅಲ್ಲ. ಅದರ ಬಣ್ಣ ತಿಳಿಯಲು ಅಡ್ಡದಾರಿ ಇಲ್ಲ. ನೀವು ಹತ್ತಾರು ಕಡೆ ಕೇಳಿ ಬಲ್ಲ, ಚೆನ್ನಾಗಿ ಮುದ್ರಣವಾದ ಹಾಡೊಂದನ್ನು ನಿಮ್ಮ ಮಿಕ್ಸಿನ ಪಕ್ಕದ ಟ್ರ್ಯಾಕಿನಲ್ಲಿ ಇಟ್ಟುಕೊಂಡು, ಎರಡರ ಗಟ್ಟಿತನವನ್ನು ಒಂದೇ ಮಾಡಿ, ಆಗಾಗ ಹೋಲಿಸಿ ಕೇಳಿ. ಗಟ್ಟಿತನ ಒಂದೇ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಎಡದ ಸದ್ದನ್ನು ಸ್ವಲ್ಪ ತಡಮಾಡಿ ಬಲಕ್ಕೂ, ಬಲದ್ದನ್ನು ಎಡಕ್ಕೂ ಬೆರೆಸಿ ಸ್ಪೀಕರಿನ ಅನುಭವ ಕೊಡುವ ಕ್ರಾಸ್‌ಫೀಡ್ ಎಂಬ ವಿಧಾನವೂ ಇದೆ. ಬೆಂಜಮಿನ್ ಬಾಯರ್ 1961ರಲ್ಲೇ ಇದರ ಬಗ್ಗೆ ಬರೆದಿದ್ದರು. ಅವರ ಹೆಸರಿನಲ್ಲೇ ಬಿಎಸ್2ಬಿ ಎಂಬ ಉಚಿತ ತಂತ್ರಾಂಶ ಸಿಗುತ್ತದೆ. ಕೇಳುವಾಗ ಮಾತ್ರ ಹಾಕಿ, ಅಂತಿಮ ಫೈಲ್ ತೆಗೆಯುವಾಗ ಆರಿಸಿ. ಒಮ್ಮೆ ಆರಿಸಲು ಮರೆತು ಇಡೀ ಭಜನೆಯನ್ನು ಹಾಗೇ ಕಳಿಸಿದವರೂ ನಮ್ಮಲ್ಲಿದ್ದಾರೆ.

ಇನ್ನು ಪದೇ ಪದೇ ಆಗುವ ತಪ್ಪುಗಳು. ಹೆಡ್‌ಫೋನ್‌ನಲ್ಲಿ ದನಿಯ ಪ್ರತಿ ಅಕ್ಷರವೂ ಸ್ಪಷ್ಟ, ಹಾಗಾಗಿ ದನಿಯನ್ನು ಕಡಿಮೆ ಇಟ್ಟುಬಿಡುತ್ತೇವೆ. ಹೊರಗೆ ಹಾಕಿದಾಗ ಚೆಂಡೆಯ ಕೆಳಗೆ ಭಾಗವತರ ಪದ ಹೂತುಹೋಗುತ್ತದೆ. ರಿವರ್ಬ್ ಕೂಡ ಹೆಡ್‌ಫೋನ್‌ನಲ್ಲಿ ಎದ್ದು ಕೇಳುವುದರಿಂದ ಕಡಿಮೆ ಹಾಕಿ, ಸ್ಪೀಕರಿನಲ್ಲಿ ಹಾಡು ಒಣಗಿದ ಹಾಗೆ ಆಗುತ್ತದೆ. ಡಗ್ಗಾದ ಗುಮುಕಿ ಹೆಡ್‌ಫೋನ್‌ನಲ್ಲಿ ಎದೆಗೆ ತಟ್ಟುವುದಿಲ್ಲವಾದ್ದರಿಂದ ತಗ್ಗು ಸದ್ದನ್ನು ಏರಿಸಿ ಏರಿಸಿ ಕೆಡಿಸುತ್ತೇವೆ. ಇದಕ್ಕೆ ಮೊಬೈಲ್ ಸ್ಪೀಕರಿನಲ್ಲಿ ಒಮ್ಮೆ, ಕಾರಿನಲ್ಲಿ ಅಥವಾ ಮನೆಯ ಟಿವಿಯಲ್ಲಿ ಒಮ್ಮೆ, ಪಕ್ಕದ ಕೋಣೆಯಿಂದ ಬಾಗಿಲು ತೆರೆದಿಟ್ಟು ಒಮ್ಮೆ ಕೇಳಿ. ಪಕ್ಕದ ಕೋಣೆಯಿಂದ ಪದದ ಮಾತು ತಿಳಿದರೆ ದನಿಯ ಮಟ್ಟ ಸರಿ ಇದೆ ಎಂದೇ ಲೆಕ್ಕ.

ಕಿವಿಯ ಬಗ್ಗೆ ಒಂದು ಮಾತು. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಕೇವಲ 15 ನಿಮಿಷ. ರಾತ್ರಿ ಕೂತು ಕೆಲಸ ಮಾಡುವಾಗ ಸದ್ದು ತಾನಾಗಿ ಏರುತ್ತಾ ಹೋಗುತ್ತದೆ. ಆರಂಭದಲ್ಲೇ ಗುಂಡಿಯ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿ, ಅದರಾಚೆ ತಿರುಗಿಸಬೇಡಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಬನ್ನಿ.

ಆ ತಾಯಿಯ ತತ್ವಪದವನ್ನು ನಾವು ಮತ್ತೆ ಮಿಕ್ಸ್ ಮಾಡಲು ಸಾಧ್ಯವಾದದ್ದು ಬೇರೆ ಬೇರೆ ಟ್ರ್ಯಾಕುಗಳ ಮೂಲ ಫೈಲು ಉಳಿದಿದ್ದರಿಂದ. 48 ಕಿಲೊಹರ್ಟ್ಸ್, 24 ಬಿಟ್ಟಿನ ವೇವ್ ಫೈಲ್ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಆರು ನಿಮಿಷದ, ನಾಲ್ಕು ಟ್ರ್ಯಾಕಿನ ಹಾಡಿಗೆ ಸುಮಾರು 207 ಎಂಬಿ. ಜಾಗ ಉಳಿಸಲು ಮೂಲವನ್ನು ಅಳಿಸಿ ಬರೀ ಎಂಪಿ3 ಇಟ್ಟುಕೊಳ್ಳಬೇಡಿ. ತಲೆಕೆಳಗಾದ ಪ್ರತಿಯನ್ನು ತೆಗೆದುಹಾಕಿ, ದನಿಯನ್ನು ನಡುವೆ ಇಟ್ಟು, ಏಕತಾರಿಯನ್ನು ಸ್ವಲ್ಪ ಎಡಕ್ಕೆ, ಪೇಟಿಯನ್ನು ಸ್ವಲ್ಪ ಬಲಕ್ಕೆ ಸರಿಸಿದೆವು, ಅಷ್ಟೇ. ಅವರ ಮನೆಗೇ ಹೋಗಿ, ಮೊಮ್ಮಗನ ಮೊಬೈಲಿನಲ್ಲಿ ಕೇಳಿಸಿದೆವು. ಪೂರ್ತಿ ಕೇಳಿ, ‘ಪೇಟಿ ಇನ್ನೊಂದೀಟು ಕಡಿಮಿ ಮಾಡ್ರೆಪ್ಪಾ’ ಎಂದರು. ಮಾಡಿದ್ದೇವೆ.