ಟೆಲಿಮೆಟ್ರಿಯೊಳಗಿನ ಮಾತ್ರೆ

‘ಟೆಲಿಮೆಟ್ರಿ’ ನಮ್ಮ ಕಿವಿಗೆ ಬಿದ್ದದ್ದು ಆಕಾಶದ ಕಡೆಯಿಂದ. ಉಪಗ್ರಹ ಹಾರಿದಾಗ ಸುದ್ದಿಯಲ್ಲಿ ಬರುವ ಬೆಂಗಳೂರಿನ ‘ಇಸ್ಟ್ರಾಕ್’ ಕೇಂದ್ರದ ಹೆಸರನ್ನು ಬಿಡಿಸಿದರೆ, ಇಸ್ರೋ ಆದ ಕೂಡಲೇ ಸಿಗುವುದು ಈ ಪದ. ಆದರೆ ಅದು ನೀರಿನೊಳಗೆ ನಡೆಸುತ್ತಿರುವ ಬಾಳು ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ.

ಗ್ರೀಕಿನಲ್ಲಿ ‘ತೇಲೆ’ ಎಂದರೆ ದೂರ, ‘ಮೆತ್ರೊನ್’ ಎಂದರೆ ಅಳತೆ. ಈ ಮೆತ್ರೊನ್ ನಮಗೆ ಹಳೆಯ ನೆಂಟ. ಸಂಸ್ಕೃತದ ‘ಮಾ’ ಧಾತುವಿಗೂ ಅದಕ್ಕೂ ಬೇರು ಒಂದೇ ಎನ್ನುತ್ತಾರೆ ಭಾಷಾವಿದರು. ಮಾನ, ಪ್ರಮಾಣ, ಮಾತ್ರಾ ಎಲ್ಲ ಆ ಧಾತುವಿನ ಕುಡಿಗಳೇ. ಕನ್ನಡದಲ್ಲಿ ‘ಮಾತ್ರೆ’ ಔಷಧದಂಗಡಿಯಲ್ಲೂ ಇದೆ, ಛಂದಸ್ಸಿನಲ್ಲೂ ಇದೆ. ಅಲ್ಲಿ ಅಳತೆಯ ಮದ್ದು. ಇಲ್ಲಿ ಉಚ್ಚಾರಣೆಗೆ ಹಿಡಿಯುವ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು.

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ‘ಟೆಲಿಮೀಟರ್’ ಎಂದರೆ ಗುರಿ ಎಷ್ಟು ದೂರದಲ್ಲಿದೆಯೆಂದು ಹೇಳುವ ಉಪಕರಣ. ಬರಬರುತ್ತ ಅರ್ಥ ಹೊರಳಿತು. ದೂರವನ್ನು ಅಳೆಯುವುದು ಹೋಗಿ ದೂರದಿಂದ ಅಳೆಯುವುದಾಯಿತು. ‘ದೂರಮಾಪನ’ ಎಂಬ ನಮ್ಮ ಅನುವಾದ ಹಳೆಯ ಅರ್ಥಕ್ಕೇ ಹೆಚ್ಚು ಒಪ್ಪುತ್ತದೆ. ಹಾಗಾಗಿ ನಾನು ಟೆಲಿಮೆಟ್ರಿಯನ್ನೇ ಉಳಿಸಿಕೊಳ್ಳುತ್ತೇನೆ.

ಮೀನಿನ ಬಳಿಗೆ ಈ ವಿದ್ಯೆ ಬಂದದ್ದು ಕಳೆದ ಶತಮಾನದ ನಡುವಿನಲ್ಲಿ. ಒಂಟಿ ಮೀನನ್ನು ಶಬ್ದದಿಂದ ಹಿಂಬಾಲಿಸುವ ಸಾಧನದ ವರದಿಯನ್ನು ಟ್ರೆಫೆಥೆನ್ ಎಂಬವರು 1956ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಮರುವರ್ಷವೇ ಕೊಲಂಬಿಯಾ ನದಿಯ ಬಾನ್‌ವಿಲ್ ಅಣೆಕಟ್ಟಿನ ಬಳಿ ಸಾಲ್ಮನ್ ಮೀನುಗಳ ಜಾಡನ್ನು ಅದೇ ದಾರಿಯಲ್ಲಿ ಹಿಡಿಯಲಾಯಿತು. ರೇಡಿಯೊ ಸಾಲದೇ ಎಂದು ಕೇಳಬಹುದು. ಸಿಹಿನೀರಿನ ಮೇಲುಪದರದಲ್ಲಿ ಅದು ನಡೆಯುತ್ತದೆ; ಉಪ್ಪುನೀರು ರೇಡಿಯೊ ಅಲೆಯನ್ನು ಬೇಗ ನುಂಗಿಬಿಡುತ್ತದೆ. ಶಬ್ದವಾದರೆ ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವ ನಾಲ್ಕು ಪಟ್ಟಿಗೂ ಹೆಚ್ಚು.

ಈಗ ಮೀನಿನ ಹೊಟ್ಟೆಯೊಳಗೆ ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಶಬ್ದ ಹೊರಡಿಸುವ ಟ್ಯಾಗ್ ಇಟ್ಟು ಹೊಲಿಯುತ್ತಾರೆ. ನೀರಿನ ತಳದಲ್ಲಿ ನೆಟ್ಟ ರಿಸೀವರುಗಳು ಅದರ ‘ಪಿಂಗ್’ಗೆ ಕಾಯುತ್ತವೆ. ಬಹಳಷ್ಟು ಟ್ಯಾಗುಗಳು ಕೂಗುವುದು 69 ಕಿಲೊಹರ್ಟ್ಸ್‌ನಲ್ಲಿ. ಮನುಷ್ಯನ ಕಿವಿಯ ಮೇರೆ ಸುಮಾರು 20ಕ್ಕೇ ಮುಗಿಯುತ್ತದೆ. ನೂರಾರು ಮೀನುಗಳು ಒಂದೇ ಸ್ವರದಲ್ಲಿ ಕೂಗಿದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಗುರುತು ಇರುವುದು ಪಿಂಗ್‌ನಲ್ಲಲ್ಲ, ಒಂದು ಪಿಂಗ್‌ನಿಂದ ಇನ್ನೊಂದಕ್ಕೆ ಹಿಡಿದ ಬಿಡುವಿನಲ್ಲಿ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಪಿಂಗ್ ಸಾಲಿನಲ್ಲಿ ಬಿಡುವುಗಳ ಉದ್ದವನ್ನು ಅಳೆದು ರಿಸೀವರ್ ಮೀನಿನ ಸಂಖ್ಯೆಯನ್ನು ಓದಿಕೊಳ್ಳುತ್ತದೆ, ಲಘು ಗುರು ಎಣಿಸಿ ಪದ್ಯದ ಜಾತಿ ಹೇಳುವವರ ಹಾಗೆ. ಎರಡು ಮೀನುಗಳ ಕೂಗು ಮತ್ತೆ ಮತ್ತೆ ಡಿಕ್ಕಿಯಾಗದಿರಲೆಂದು ಸಾಲು ಸಾಲುಗಳ ನಡುವಿನ ವಿರಾಮವನ್ನು ಮಾತ್ರ ಏರುಪೇರು ಮಾಡಿರುತ್ತಾರೆ. ಮೂರು ನಾಲ್ಕು ರಿಸೀವರುಗಳು ಒಂದೇ ಕೂಗನ್ನು ಕೇಳಿದರೆ, ಅದು ಒಂದೊಂದಕ್ಕೂ ತಲುಪಿದ ಹೊತ್ತಿನ ಅಂತರದಿಂದ ಮೀನಿದ್ದ ಜಾಗವೂ ಸಿಗುತ್ತದೆ. ಆ ಲೆಕ್ಕದಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲೆಂದರೆ ಒಂದೂವರೆ ಮೀಟರ್ ನೀರು.

ಟೆಲಿಮೆಟ್ರಿಯ ಕೊನೆಯಲ್ಲಿರುವ ಅಳತೆ ಇಲ್ಲಿ ಪೂರ್ತಿ ಕಾಲದ ಅಳತೆಯಾಗಿದೆ. ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವವರು ಪಿಂಗ್‌ಗಳ ನಡುವಿನ ಆ ಬಿಡುವಿಗೆ ಹೊಸ ಪದ ಕಟ್ಟುವುದು ಬೇಡ. ‘ಮಾತ್ರೆ’ ಎಂದೇ ಬರೆಯಲಿ.