ಪೇಟೆಯ ಹಳೆಯ ಮನೆ ಕೊಳ್ಳುವ ಮುನ್ನ

ಹೊಸಪೇಟೆಯ ಮೇನ್ ಬಜಾರ್ ಹಿಂದಿನ ಓಣಿಗಳಲ್ಲೋ, ತಳವಾರಕೇರಿ, ಬಾಣದಕೇರಿ, ಉಕ್ಕಡಕೇರಿಯಂಥ ಹಳೆಯ ಕೇರಿಗಳಲ್ಲೋ ಮನೆ ಮಾರಾಟಕ್ಕೆ ಬಂದರೆ ಮಧ್ಯವರ್ತಿ ಹೇಳುವುದು ಜಾಗದ ಬೆಲೆ ಮಾತ್ರ. ಮನೆಯ ವಿಷಯ ಕೇಳಿದರೆ "ಕೆಡವಿ ಹೊಸದು ಕಟ್ಟಿಸ್ಕೊಳ್ರೀ" ಎಂದು ಮುಗಿಸಿಬಿಡುತ್ತಾನೆ. ಈ ಮಾತನ್ನು ನಂಬಿ ಮುಂಗಡ ಕೊಡುವುದು ಅವಸರ. ಎರಡೂ ಬದಿ ನೆರೆಮನೆಯ ಗೋಡೆ ಅಂಟಿಕೊಂಡಿರುವ, ಎದುರಿಗೆ ಹತ್ತು ಹನ್ನೆರಡು ಅಡಿ ದಾರಿಯಷ್ಟೇ ಇರುವ ಕಡೆ ಕೆಡವುವುದು ಸುಲಭ. ಮತ್ತೆ ಅಷ್ಟೇ ಅಳತೆಗೆ ಕಟ್ಟಲು ಪರವಾನಗಿ ಸಿಗುವುದು ಕಷ್ಟ. ಹದಿನೈದು ಅಡಿ ಅಗಲದ ನಿವೇಶನದಲ್ಲಿ ಬದಿಗೆ ಮೂರು ಮೂರು ಅಡಿ ಬಿಡಬೇಕಾಗಿ ಬಂದರೆ ಉಳಿಯುವುದು ಒಂಬತ್ತು ಅಡಿ. ಸಣ್ಣ ನಿವೇಶನಕ್ಕೆ ವಿನಾಯಿತಿ ಉಂಟೇ, ರಸ್ತೆ ಅಗಲೀಕರಣದ ಗೆರೆ ಎಲ್ಲಿ ಹಾಯ್ದಿದೆ ಎಂಬುದನ್ನು ನಗರಸಭೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮೊದಲೇ ವಿಚಾರಿಸಬೇಕು. ಉತ್ತರ ಅನುಕೂಲವಾಗಿಲ್ಲದಿದ್ದರೆ ಕೈಗೆ ಬರುವುದು ಆ ಹಳೆಯ ಮನೆಯೇ. ಆಗ ಅದು ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಬೆಲೆಯ ಪ್ರಶ್ನೆಯಾಗುತ್ತದೆ.

ಯಾವ ಕಾಲದ ಮನೆ?

ಹೊಸಪೇಟೆ ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರ ಎಂಬ ಹೆಸರಿನಿಂದ ಕಟ್ಟಿದ ಊರು. ಆದರೆ ಇಂದು ಮಾರಾಟಕ್ಕೆ ಬರುವ ಹಳೆಯ ಮನೆಗಳಿಗೆ ಅಷ್ಟು ವಯಸ್ಸಿರುವುದಿಲ್ಲ. ಸ್ಥೂಲವಾಗಿ ಮೂರು ಬಗೆಯವು ಸಿಗುತ್ತವೆ: ಕಲ್ಲು ಮಣ್ಣಿನ ಗೋಡೆಯ ಮಾಳಿಗೆ ಮನೆ, ತೇಗದ ಜಂತಿಯ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿ, ಮತ್ತು ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಪೂರ್ತಿಯಾಗಿ ಊರು ಹಿಗ್ಗಿದ ಮೇಲಿನ ದಶಕಗಳ ಆರ್‌ಸಿಸಿ. ಒಂದೇ ಮನೆಯಲ್ಲಿ ಮೂರೂ ಇರುವುದುಂಟು. ಮುಂದಿನ ಪಡಸಾಲೆ ಮಾಳಿಗೆಯದು, ನಡುಮನೆ ತಾರಸಿಯದು, ಹಿತ್ತಲ ಕಡೆ ಮಕ್ಕಳು ಕಟ್ಟಿಸಿದ ಆರ್‌ಸಿಸಿ ಕೋಣೆ. ಹಾಗಿದ್ದಾಗ ಮನೆಗೆ ಒಂದೇ ವಯಸ್ಸು ಹಾಕಿ ಬೆಲೆ ಕಟ್ಟಬಾರದು. ಒಂದೊಂದು ಅಂಕಣವನ್ನೂ ಬೇರೆಯಾಗಿ ನೋಡಬೇಕು.

ಮಾಳಿಗೆ ಹತ್ತಿ ನೋಡುವುದು

ಮನೆ ತೋರಿಸುವವರು ಬಾಗಿಲಿನ ಕೆತ್ತನೆ, ಕಂಬ, ದೇವರ ಮನೆ ತೋರಿಸುತ್ತಾರೆ. ನೋಡುವವರು ಏಣಿ ಕೇಳಬೇಕು.

ಮಣ್ಣಿನ ಮಾಳಿಗೆಯ ಕ್ರಮ ಸರಳ: ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಲ್ಲುಚಪ್ಪಡಿ, ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹರಡಿ ಬಿರುಕು ಮುಚ್ಚುವುದು ಈ ಸೀಮೆಯ ಹಳೆಯ ರೂಢಿ. ಸವುಳು ನೀರನ್ನು ಒಳಗೆ ಬಿಡದೆ ಜಾರಿಸುತ್ತದೆ, ಮನೆಯನ್ನು ಬೇಸಿಗೆಯಲ್ಲಿ ತಂಪಾಗಿಯೂ ಇಡುತ್ತದೆ. ತೊಂದರೆ ಏನೆಂದರೆ, ಹಳೆಯ ಪದರ ತೆಗೆಯದೆ ಹೊಸದನ್ನು ಹಾಕುತ್ತಾ ಹೋದರೆ ಭಾರ ಏರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಅಂಕಣದ ಮೇಲೆ ಒಂದಡಿ ಮಣ್ಣಿದ್ದರೆ ನಾಲ್ಕೂವರೆ ಟನ್ನಿನಷ್ಟು ತೂಕ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತಿದ್ದ ಮಾಳಿಗೆ ಮೂರು ದಿನದ ಜಡಿಮಳೆಗೆ ಕುಸಿಯುವುದು ಇದರಿಂದಲೇ. ಮೇಲ್ಮುದ್ದೆ ಎಷ್ಟು ದಪ್ಪವಿದೆ ಎಂಬುದನ್ನು ಬೆಳಕಿಂಡಿಯ ಅಂಚಿನಲ್ಲಿ ಅಳೆಯಬಹುದು.

ಮದ್ರಾಸ್ ತಾರಸಿಯಲ್ಲಿ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣದ ಕಾಂಕ್ರೀಟು ಬಡಿದು ಕೂರಿಸಿರುತ್ತಾರೆ. ಚೆನ್ನಾಗಿ ನೋಡಿಕೊಂಡರೆ ನೂರು ವರ್ಷ ಬಾಳುವ ಕೆಲಸ. ಅದನ್ನು ಕೆಡಿಸುವುದು ಮುಖ್ಯವಾಗಿ ಸೋರುವುದನ್ನು ತಡೆಯಲು ಹಾಕಿದ ಸಿಮೆಂಟು. ಸಿಮೆಂಟು ಸುಣ್ಣದ ಜೊತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಕೂದಲೆಳೆಯ ಬಿರುಕಿನಲ್ಲಿ ನೀರು ಇಳಿಯುತ್ತದೆ, ಹೊರಗೆ ಆರಿಹೋಗಲು ದಾರಿಯಿಲ್ಲದೆ ಜಂತಿಯ ತುದಿಗೆ ಹರಿಯುತ್ತದೆ. ಜಂತಿ ನಡುವಿನಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ, ಗೋಡೆಯೊಳಗೆ ಹುಗಿದ ಒಂದಡಿ ಮಾತ್ರ ಕೊಳೆತಿರುತ್ತದೆ. ಗೋಡೆಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಒಳಗಿಳಿದರೆ, ಬಡಿದಾಗ ಟೊಳ್ಳು ಸದ್ದು ಬಂದರೆ, ಗೆದ್ದಲ ಮಣ್ಣಿನ ಗೆರೆ ಕಂಡರೆ ಆ ಜಂತಿ ಬದಲಿಸಬೇಕಾದ್ದು ಎಂದೇ ಲೆಕ್ಕ. ಒಳಗಡೆ ಹೊಸದಾಗಿ ಪ್ಲೈವುಡ್ಡೋ ಪಿಒಪಿಯೋ ಹೊಡೆದು ಸೂರು ಮುಚ್ಚಿದ್ದರೆ ಒಂದು ಮೂಲೆ ಬಿಚ್ಚಿಸದೆ ಮುಂದಿನ ಮಾತಿಗೆ ಹೋಗಬಾರದು.

ಆರ್‌ಸಿಸಿಯಲ್ಲಿ ನೋಡಬೇಕಾದ್ದು ನೀರಿನ ಟ್ಯಾಂಕಿನ ಕೆಳಭಾಗ ಮತ್ತು ಬಚ್ಚಲಿನ ಸೂರು. ಸಿಮೆಂಟು ಉದುರಿ ತುಕ್ಕು ಹಿಡಿದ ಕಂಬಿ ಕಂಡರೆ ಬಣ್ಣ ಹೊಡೆದು ಸರಿಯಾಗುವಂಥದ್ದಲ್ಲ.

ಗೋಡೆ, ತೇವ, ಕಾಲುವೆ

ಹಳೆಯ ಗೋಡೆ ಒಂದೂವರೆ ಎರಡಡಿ ದಪ್ಪ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಮಣ್ಣು, ಚೂರುಗಲ್ಲು. ಎರಡೂ ಸಾಲನ್ನು ಹಿಡಿಯುವ ಉದ್ದಗಲ್ಲುಗಳು ಕಡಿಮೆಯಿದ್ದರೆ, ನೀರು ಒಳಗಿಳಿದರೆ ಗೋಡೆ ಹೊಟ್ಟೆ ಬಿಡುತ್ತದೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಅದು ಕಣ್ಣಿಗೆ ಕಾಣುತ್ತದೆ. ಇಂಥ ಗೋಡೆಯ ಮೇಲೆ ಮಹಡಿ ಏರಿಸಿದ್ದರೆ ಇಂಜಿನಿಯರ್ ನೋಡದ ಹೊರತು ಕೈಹಾಕದಿರುವುದು ಲೇಸು.

ನೆಲದಿಂದ ಎರಡು ಮೂರಡಿ ಎತ್ತರದವರೆಗೆ ಸುಣ್ಣ ಪುಡಿಯಾಗಿ ಬಿಳಿ ಉಪ್ಪು ಕಾಣಿಸುವುದು ಕೆಳಗಿನಿಂದ ಏರುವ ತೇವದ ಗುರುತು. ಹೊಸಪೇಟೆಯಲ್ಲಿ ಇದಕ್ಕೊಂದು ಸ್ಥಳೀಯ ಕಾರಣವಿದೆ: ವಿಜಯನಗರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ ಊರೊಳಗೇ ಹಾಯುತ್ತವೆ. ಅವುಗಳ ಹತ್ತಿರದ ಮನೆಯನ್ನು ಕಾಲುವೆ ಬಂದ್ ಆಗಿರುವಾಗ ನೋಡಿ ಒಪ್ಪಿಕೊಳ್ಳಬಾರದು. ನೀರು ಹರಿಯುವಾಗ ಇನ್ನೊಮ್ಮೆ ಹೋಗಬೇಕು.

ರಸ್ತೆಯ ಮಟ್ಟವನ್ನು ಬಹಳಷ್ಟು ಜನ ಮರೆಯುತ್ತಾರೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಸಿಸಿ ರಸ್ತೆ ಬಿದ್ದು ಎಷ್ಟೋ ಓಣಿಗಳು ಏರಿವೆ. ಮೂರು ಮೆಟ್ಟಿಲು ಹತ್ತಿ ಕಟ್ಟೆಗೆ ಬರುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಚರಂಡಿ ಕಟ್ಟಿದ ದಿನ ಆ ನೀರು ಪಡಸಾಲೆಗೆ ಬರುತ್ತದೆ. ಒಳಚರಂಡಿ ಜೋಡಣೆ ಇದೆಯೇ, ಅಥವಾ ಅಂಗಳದ ಕೆಳಗೆ ಹಳೆಯ ಗುಂಡಿಯೇ ಗತಿಯೇ ಎಂಬುದನ್ನೂ ಕೇಳಬೇಕು.

ಕಾಗದಪತ್ರ

ಮರ ಕಲ್ಲುಗಳನ್ನು ದುಡ್ಡು ಹಾಕಿ ಸರಿಪಡಿಸಬಹುದು. ಪತ್ರದ ತೊಡಕಿಗೆ ಅಂಥ ಪರಿಹಾರ ಕಡಿಮೆ.

ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಆ ಕಾಲದ ಕೆಲವು ಕ್ರಯಪತ್ರಗಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುವುದುಂಟು. ಅಂಥ ಪತ್ರ ಸಿಕ್ಕರೆ ಬಲ್ಲವರಿಂದ ಓದಿಸಿ, ಚೆಕ್ಕುಬಂದಿಯಲ್ಲಿ ಹೇಳಿದ ನಾಲ್ಕು ಮಗ್ಗುಲು ಇಂದಿಗೆ ಹೊಂದುತ್ತವೆಯೇ ಎಂದು ಸ್ಥಳದಲ್ಲೇ ನಿಂತು ನೋಡಬೇಕು. ಅದಾದ ಮೇಲೆ ಋಣಭಾರ ಪತ್ರ, ಅಂದರೆ ಇಸಿ. ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನ ವಿವರ. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಿಂದ ತೆಗೆಸಬೇಕು. ಕನಿಷ್ಠ ಮೂವತ್ತು ವರ್ಷದ್ದಾದರೂ ಬೇಕೆಂದು ವಕೀಲರು ಕೇಳುತ್ತಾರೆ.

ನೋಂದಣಿಗೆ ಈಗ ಇ-ಖಾತೆ ಬೇಕು: ಹೊಸಪೇಟೆ, ಕಂಪ್ಲಿ, ಸಂಡೂರಿನಂಥ ಪಟ್ಟಣಗಳಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು. ಆದರೆ ಖಾತೆ ತೆರಿಗೆಯ ದಾಖಲೆ, ಒಡೆತನದ ಪತ್ರವಲ್ಲ. ಅಜ್ಜನ ಹೆಸರಿನ ಖಾತೆಯನ್ನು ಹಿರಿಮಗ ತನ್ನ ಹೆಸರಿಗೆ ಮಾಡಿಸಿಕೊಂಡ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕದ ತಿದ್ದುಪಡಿ 1994ರಲ್ಲೇ ತಂದಿತ್ತು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. "ಅಕ್ಕ ತಂಗ್ಯಾರು ಕೇಳಂಗಿಲ್ರೀ" ಎಂಬ ಭರವಸೆಗೆ ಹಾಗಾಗಿ ಬೆಲೆಯಿಲ್ಲ. ವಂಶವೃಕ್ಷ ತರಿಸಬೇಕು. ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಡಬೇಕು. ಅಪ್ರಾಪ್ತರ ಪಾಲಿದ್ದರೆ ನ್ಯಾಯಾಲಯದ ಅನುಮತಿಯ ವಿಷಯ ವಕೀಲರಲ್ಲಿ ಕೇಳಬೇಕು.

ಮನೆಯಲ್ಲಿ ಹಳೆಯ ಬಾಡಿಗೆದಾರ ಅಥವಾ ಬೋಗ್ಯದಾರ ಇದ್ದರೆ ಅವರು ಖಾಲಿ ಮಾಡಿದ ಮೇಲೆಯೇ ಪೂರ್ತಿ ಹಣ. ನಡುಗೋಡೆ ಯಾರದು, ಸಂದಿಯಲ್ಲಿ ಓಡಾಡುವ ಹಕ್ಕು ಯಾರಿಗಿದೆ ಎಂಬುದು ಪತ್ರದಲ್ಲಿ ಇಲ್ಲದಿದ್ದರೆ ನೆರೆಯವರನ್ನೇ ಕೇಳುವುದು ಒಳ್ಳೆಯದು. ಮನೆಯ ಚರಿತ್ರೆ ಮಾರುವವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಹಂಪಿಯ ಕಡೆಗೆ ಹೋದಂತೆ

ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮನೆ ಕೊಳ್ಳುವವರು ಮೊದಲು ನೋಡಬೇಕಾದ್ದು ಕಟ್ಟಡವನ್ನಲ್ಲ, ನಕ್ಷೆಯನ್ನು. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ನಿಷೇಧಿತ ವಲಯದಲ್ಲಿ ಹಳೆಯ ಮನೆ ಕೆಡವಿದರೆ ಹೊಸದನ್ನು ಕಟ್ಟಲು ಬಿಡುವುದಿಲ್ಲ. ದುರಸ್ತಿಗೂ ಅನುಮತಿ ಬೇಕು. ಹೊಸಪೇಟೆ ಅಂಚಿನ ಅನಂತಶಯನಗುಡಿಯ ಸುತ್ತಲೂ ಇದೇ ನಿಯಮ. ಇದರ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಟ್ಟುಪಾಡುಗಳಿವೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ ಮನೆಗಳು 2011ರ ಜುಲೈನಲ್ಲಿ ತೆರವಾದವು. ಹೊಳೆಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೆ 2020ರಲ್ಲಿ ನೆಲಕ್ಕುರುಳಿದವು. ಹೋಮ್‌ಸ್ಟೇ ಆಸೆಗೆ ಇಲ್ಲಿ ಹಳೆಯ ಮನೆ ಹುಡುಕುವವರು ಈ ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಸಂಡೂರು, ಕಂಪ್ಲಿ

ಸಂಡೂರು 1949ರವರೆಗೆ ಘೋರ್ಪಡೆ ಅರಸರ ಸಂಸ್ಥಾನ. ಹೀಗಾಗಿ ಅಲ್ಲಿನ ಬಹಳ ಹಳೆಯ ದಾಖಲೆಗಳ ಜಾಡು ಹೊಸಪೇಟೆಯದಕ್ಕಿಂತ ಬೇರೆ. ಬೆಲೆಯೂ ಗಣಿಯ ಜೊತೆ ಏರಿಳಿಯುತ್ತದೆ, ಆದ್ದರಿಂದ ಅದಿರು ಲಾರಿಗಳು ಬಿಡುವಿಲ್ಲದೆ ಓಡುವ ವರ್ಷದ ದರವನ್ನು ಶಾಶ್ವತವೆಂದು ಹಿಡಿಯಬಾರದು. ಕಂಪ್ಲಿಯಲ್ಲಿ ಪ್ರಶ್ನೆ ಹೊಳೆಯದು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗುವ ಊರು ಅದು. ಕೋಟೆ ಭಾಗದಲ್ಲಿ ಮನೆ ನೋಡುವಾಗ ಹಿಂದಿನ ಪ್ರವಾಹಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಓಣಿಯವರನ್ನು ಕೇಳಿ, ಆ ಗುರುತಿಗೂ ಹೊಸ್ತಿಲಿಗೂ ಎಷ್ಟು ಅಂತರವೆಂದು ಅಳೆಯಬೇಕು.

ಬೆಲೆ ಕಟ್ಟುವುದು

ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೆ ಪೇಟೆಯ ಜಾಗಕ್ಕೆ ಹೇಳುವ ದರಕ್ಕೆ ಲಗಾಮಿಲ್ಲ. ಸರ್ಕಾರದ ಮಾರ್ಗಸೂಚಿ ದರ ಒಂದು ಕಡೆ, ಅದೇ ಓಣಿಯಲ್ಲಿ ಈಚೆಗೆ ನಿಜಕ್ಕೂ ಆದ ವ್ಯಾಪಾರ ಇನ್ನೊಂದು ಕಡೆ ಇಟ್ಟು ನೋಡಬೇಕು. ಜಾಗದ ಬೆಲೆಯಿಂದ ದುರಸ್ತಿ ವೆಚ್ಚವನ್ನು ಕಳೆದು, ಗಟ್ಟಿ ಇರುವ ತೇಗದ ತೊಲೆ ಜಂತಿಗಳ ಬೆಲೆ ಕೂಡಿಸಿದರೆ ಚೌಕಾಸಿಗೆ ಒಂದು ನೆಲೆ ಸಿಗುತ್ತದೆ. ಇದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಶೇ 7.6ರಷ್ಟಾಗುತ್ತದೆ. ಕ್ರಯ 50 ಲಕ್ಷ ರೂಪಾಯಿ ಅಥವಾ ಮೇಲಿದ್ದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು.

ಸಾಲ ಮಾಡಿ ಕೊಳ್ಳುವವರು ಬ್ಯಾಂಕಿನ ಮೌಲ್ಯಮಾಪಕರನ್ನು ಮುಂಗಡಕ್ಕೆ ಮೊದಲೇ ಕರೆಸುವುದು ವಾಸಿ, ಏಕೆಂದರೆ ಮಣ್ಣಿನ ಗೋಡೆಯ ಮನೆಗೆ ಸಾಲ ಸುಲಭಕ್ಕೆ ಸಿಗುವುದಿಲ್ಲ. ಕರಾರು ಪತ್ರದಲ್ಲಿ ಎಲ್ಲ ವಾರಸುದಾರರ ಸಹಿ, ಇ-ಖಾತೆ, ಖಾಲಿ ಸ್ವಾಧೀನ ಈ ಮೂರಕ್ಕೆ ಗಡುವು ಬರೆಸಿ, ತಪ್ಪಿದರೆ ಮುಂಗಡ ವಾಪಸು ಎಂಬ ಸಾಲನ್ನೂ ಸೇರಿಸಬೇಕು. ಮಾರುವವರು ಅದಕ್ಕೆ ಹಿಂದೇಟು ಹಾಕಿದರೆ ತೊಡಕು ಮೂರರಲ್ಲಿ ಯಾವುದರಲ್ಲಿದೆ ಎಂದು ಅಲ್ಲೇ ಕೇಳಬಹುದು.