‘ವೆಲ್‌ಕಮ್ ಟು ದಿ ಮಷೀನ್’: ಯಂತ್ರ ಯಾವುದು, ಪ್ರಕಾರ ಯಾವುದು?

ಪಿಂಕ್ ಫ್ಲಾಯ್ಡ್ ತಂಡದ ಈ ಹಾಡು ಶುರುವಾಗುವುದು ಬಾಗಿಲು ತೆರೆದ ಸದ್ದಿನಿಂದ. ಹಿಂದೆಯೇ ಮೋಟರಿನಂತೆ ಮಿಡಿಯುವ ತಗ್ಗು ನಾದ. ಕಾರ್ಖಾನೆಯೊಳಗೆ ಕಾಲಿಟ್ಟ ಹಾಗಾಗುತ್ತದೆ. ಇದು ತಂತ್ರಜ್ಞಾನದ ವಿರುದ್ಧದ ಹಾಡು ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ನಮಗೆ ಆ ಓದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ.

ಇಸವಿ ನೋಡಿ. 1973ರಲ್ಲಿ ಬಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಈ ನಾಲ್ವರನ್ನು ಶ್ರೀಮಂತರನ್ನಾಗಿಸಿತು. ಮುಂದಿನ ಆಲ್ಬಮ್ಮಿಗೆಂದು 1975ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕೂತಾಗ ಅವರಲ್ಲಿ ಉಮೇದು ಉಳಿದಿರಲಿಲ್ಲ. ತಂಡ ಕಟ್ಟಿದವರಲ್ಲೊಬ್ಬನಾದ ಸಿಡ್ ಬ್ಯಾರೆಟ್ ಮಾನಸಿಕವಾಗಿ ಕುಸಿದು 1968ರಲ್ಲೇ ಹೊರಹೋಗಿದ್ದ. ಅವನ ನೆನಪು ‘ವಿಶ್ ಯು ವರ್ ಹಿಯರ್’ ಆಲ್ಬಮ್ಮಿನ ತುಂಬ ಇದೆ. ರೋಜರ್ ವಾಟರ್ಸ್ ಬರೆದ ನಮ್ಮ ಹಾಡು ಅದರ ಮೊದಲ ಮಗ್ಗುಲಿನ ಎರಡನೆಯದು. ಗಿಟಾರ್ ಕೊಂಡ ಹುಡುಗನೊಬ್ಬನನ್ನು ಯಾರೋ ಹಿರಿಯರು ಮಾತಾಡಿಸುತ್ತಾರೆ. ಅವನು ಎಲ್ಲಿದ್ದ, ಏನು ಮಾಡಿದ, ಎಲ್ಲವೂ ಅವರಿಗೆ ಗೊತ್ತು. ಅವನು ಕಂಡ ಕನಸೂ ಅವರೇ ಕೊಟ್ಟದ್ದಂತೆ! ಡಿಸ್ಕ್ ತಿರುಗಿಸಿದರೆ ಮೊದಲು ಸಿಗುವುದು ‘ಹ್ಯಾವ್ ಎ ಸಿಗಾರ್’. ಅಲ್ಲಿ ಮಾತಾಡುವವನು ರೆಕಾರ್ಡ್ ಕಂಪನಿಯ ಮನುಷ್ಯ. ಈ ಎರಡನ್ನು ಜೋಡಿಸಿ ಕೇಳಿದರೆ ಯಂತ್ರವೆಂದರೆ ಕಬ್ಬಿಣದ್ದಲ್ಲ, ಸಂಗೀತದ ವ್ಯಾಪಾರ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. (ಬೈಲೈನಿನ ಆಸೆಗೆ ಬಿದ್ದು ಸೆಂಟಿಮೀಟರ್ ಲೆಕ್ಕದಲ್ಲಿ ಸುದ್ದಿ ಕಳಿಸಿದ ನಮ್ಮಂಥ ಸ್ಟ್ರಿಂಗರುಗಳಿಗೆ ಆ ಹಿರಿಯರ ದನಿ ಹೊಸದೇನಲ್ಲ.)

ಹಾಗಿದ್ದೂ ದಾರಿ ತಪ್ಪಿದ್ದೇಕೆ? ಒಂದು ಕಾರಣ ಚಿತ್ರ. 1977ರ ಪ್ರವಾಸದಲ್ಲಿ ಹಾಡಿನ ಹಿಂದೆ ತೆರೆಯ ಮೇಲೆ ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ಅವರ ಅನಿಮೇಷನ್ ಓಡುತ್ತಿತ್ತು. ಅದರಲ್ಲಿ ಲೋಹದ ದೈತ್ಯಪ್ರಾಣಿ ಇದೆ, ರಕ್ತದ ಕಡಲಿದೆ. ಕಣ್ಣು ಕಂಡದ್ದು ಕಿವಿಗೂ ಅಂಟಿಕೊಂಡಿತು.

ಇನ್ನೊಂದು ಕಾರಣ ವಾದ್ಯವೇ. ಆ ಮಿಡಿತ ಬಂದದ್ದು ವಿಸಿಎಸ್ 3 ಎಂಬ ಸಿಂಥಸೈಜರಿನಿಂದ. ಲಂಡನ್ನಿನ ಇಎಂಎಸ್ ಕಂಪನಿ 1969ರಲ್ಲಿ ಹೊರತಂದದ್ದು. ಪೀಟರ್ ಜಿನೊವೀಫ್, ಟ್ರಿಸ್ಟ್ರಾಮ್ ಕ್ಯಾರಿ, ಡೇವಿಡ್ ಕಾಕೆರೆಲ್ ಇದರ ಹಿಂದಿದ್ದ ಮೂವರು. ಮರದ ಚೌಕಟ್ಟು, ಒಂದಿಷ್ಟು ತಿರುಗಣೆಗಳು, ಒಂದು ಜಾಯ್‌ಸ್ಟಿಕ್. ಪೆಟ್ಟಿಗೆಯಲ್ಲಿ ಹಾರ್ಮೋನಿಯಂ ಥರದ ಮನೆಗಳೇ ಇಲ್ಲ. ತೂತುಗಳ ಚೌಕಕ್ಕೆ ಪಿನ್ ಚುಚ್ಚಿ ಯಾವ ಸದ್ದು ಯಾವ ಭಾಗದ ಮೂಲಕ ಹಾಯಬೇಕೆಂದು ಗೊತ್ತುಮಾಡಬೇಕು. ರಾಗ ನುಡಿಸಲು ಅಷ್ಟೇನೂ ಒಗ್ಗದ, ಗಾಳಿ ಗುಡುಗು ಗಿರಣಿಗಳನ್ನು ಕರೆಯಲು ಹೇಳಿಮಾಡಿಸಿದ ವಾದ್ಯ.

ಪ್ರಕಾರದ ಪ್ರಶ್ನೆ ಬಿಡಿಸಲು ಇದೇ ದಾರಿ. ಪಟ್ಟಿಗಳಲ್ಲಿ ಇದು ಪ್ರೋಗ್ರೆಸಿವ್ ರಾಕ್. ಏಳು ನಿಮಿಷ ಮೀರಿದ ಉದ್ದ, ನಡುನಡುವೆ ಬದಲಾಗುವ ತಾಳದ ಎಣಿಕೆ ಆ ಹೆಸರಿಗೆ ಹೊಂದುತ್ತವೆ. ಆದರೆ ಆ ಪ್ರಕಾರದ ಹೆಮ್ಮೆಯೇ ಕೈಚಳಕ. 1970ರ ‘ಲಕ್ಕಿ ಮ್ಯಾನ್’ ಹಾಡಿನ ಕೊನೆಯಲ್ಲಿ ಕೀತ್ ಎಮರ್ಸನ್ ಮೂಗ್ ನುಡಿಸುವುದನ್ನು ಕೇಳಿ: ಅಲ್ಲಿ ಸಿಂಥಸೈಜರ್ ಒಬ್ಬ ಸೋಲೋ ಕಲಾವಿದ. ಇಲ್ಲಿ ಅದು ಒಂದು ಜಾಗ. ರಿಚರ್ಡ್ ರೈಟ್ ಮೇಲೆ ನುಡಿಸುವ ರಾಗದ ಎಳೆಗಳೂ ಅವಸರವಿಲ್ಲದವು. ಸ್ವರಮೇಳಗಳು ಬೆರಳೆಣಿಕೆಯಷ್ಟೇ. ಎಂದಿನ ಡ್ರಮ್ ಹೊಡೆತವಿಲ್ಲ. ನಿಕ್ ಮೇಸನ್ ನುಡಿಸಿದ್ದು ಟಿಂಪನಿ, ತಾಳದ ತಟ್ಟೆಗಳನ್ನು. ಶ್ರುತಿ ಕೇಳಿ ಬೆಳೆದ ಕಿವಿಗೆ ಆ ಹಿಡಿದ ನಾದ ವಿಚಿತ್ರ ಎನಿಸದು. ನಮ್ಮ ಲೆಕ್ಕದಲ್ಲಿ ಇದರ ಹತ್ತಿರದ ನೆಂಟ ಇಂಗ್ಲೆಂಡಿನದಲ್ಲ, 1974ರಲ್ಲಿ ಬಂದ ಜರ್ಮನ್ ತಂಡ ಟ್ಯಾಂಜರೀನ್ ಡ್ರೀಮ್‌ನ ‘ಫೀಡ್ರಾ’.

ಆದರೂ ಪೂರ್ತಿ ಎಲೆಕ್ಟ್ರಾನಿಕ್ ಎಂದು ಬರೆದು ಕೈತೊಳೆದುಕೊಳ್ಳಲು ಆಗದು. ನಟ್ಟನಡುವೆ ತಂತಿಯ ಅಕೂಸ್ಟಿಕ್ ಗಿಟಾರ್ ಇದೆ. ಡೇವಿಡ್ ಗಿಲ್ಮೋರ್ ದನಿ ಇದೆ. ಒಂದು ಸಾಲು ಅವರ ಗಂಟಲಿಗೆ ನಿಲುಕದೆ, ಟೇಪನ್ನು ಸ್ವಲ್ಪ ನಿಧಾನ ಓಡಿಸಿ ಹಾಡಿಸಿ ಸೇರಿಸಬೇಕಾಯಿತು. ಕೊನೆಗೆ ಯಂತ್ರ ಮೇಲೇರಿ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಒಳಗೆ ಪಾರ್ಟಿಯ ಗದ್ದಲ, ನಗು.